ನಿಂತು ಮಲಗುವ ಕ್ರಮ

ಸಾವಿರದ ಒಂಬೈನೂರ ಎಂಬತ್ತೆರಡನೇ ಇಸವಿಯ ಆಷಾಢ ಮಾಸದಲ್ಲಿ, ದಕ್ಷಿಣ ಬೆಂಗಳೂರಿನ ನಾಗರಿಕರ ಬೆನ್ನು ಬಾಗಿದೆ ಎಂಬ ಸಂಗತಿ ಅಧಿಕೃತವಾಗಿ ದೃಢಪಟ್ಟಿತು.

ಅದಕ್ಕೂ ಮುಂಚೆ ಬಾಗಿರಲಿಲ್ಲ ಅಂತಲ್ಲ. ಸೀಮೆಎಣ್ಣೆ ಡಬ್ಬ ಹೊತ್ತು, ಸೊಸೈಟಿ ಅಕ್ಕಿ ಹೊತ್ತು, ಸಿಟಿ ಬಸ್ಸಿನ ಕಂಬಿಗೆ ಜೋತುಬಿದ್ದು ಜನರ ಬೆನ್ನು ಎಂದೋ ಬಿಲ್ಲಾಗಿತ್ತು. ಆದರೆ ಮನೆಯಲ್ಲಿ ಕೂತು ಅಯ್ಯೋ ಅಮ್ಮಾ ಅಂದರೆ ಅದು ಬರೀ ನೋವು. ಕಮಿಟಿಯಲ್ಲಿ ಕೂತು ಅಂದರೆ ಮಾತ್ರ ಸಮಸ್ಯೆ. ಜಯನಗರದಲ್ಲಿ ಒಂದು ಕಮಿಟಿ ಕೂತಿತು. ಬೋಂಡ ಕಾಫಿ ಮುಗಿಸಿ ಏಳುವಾಗ ಅಷ್ಟೂ ಜನ ಸೊಂಟ ಹಿಡಿದುಕೊಂಡರು. ಸಮಸ್ಯೆ ಇದೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಹೀಗೆ ಹುಟ್ಟಿದ್ದು ದಕ್ಷಿಣ ಬಡಾವಣೆಗಳ ನಾಗರಿಕ ಬೆನ್ನುಮೂಳೆ ಸಂವರ್ಧನ ಸಂಘ, ನೋಂದಾಯಿತ. ಅಧ್ಯಕ್ಷರು ರಿಟೈರ್ಡ್ ಇಂಜಿನಿಯರ್ ಸಿದ್ದಲಿಂಗಯ್ಯನವರು. ಕಾರ್ಯದರ್ಶಿ ಗುರುಶಾಂತಪ್ಪನವರು, ಹೊಟ್ಟೆ ಮೊದಲು ಬಾಗಿಲು ದಾಟುತ್ತಿತ್ತು, ಅವರು ಆಮೇಲೆ ಬರುತ್ತಿದ್ದರು. ಸಂಘದ ಉದ್ದೇಶ ಶಾಲೆಗಳಿಗೂ ಮಹಿಳಾ ಸಮಾಜಗಳಿಗೂ ಚಾಪೆ ವ್ಯಾಯಾಮದ ಟೀಚರುಗಳನ್ನು ತಯಾರು ಮಾಡಿ ಕಳಿಸುವುದು. ನೆಲಕ್ಕೆ ಚಾಪೆ ಹಾಸಿ, ಅದರ ಮೇಲೆ ಮಲಗಿ, ಹೊಟ್ಟೆಯ ಒಳಸ್ನಾಯು ಬಿಗಿಮಾಡಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ವಿದ್ಯೆ ಅದು. ಹೊರದೇಶದಲ್ಲಿ ಅದನ್ನು ಪಿಲಾಟಿಸ್ ಅನ್ನುತ್ತಾರಂತೆ. ಆ ಹೆಸರು ಬರೆಸಿದರೆ ತಿಂಡಿ ಅಂಗಡಿ ಅಂದುಕೊಂಡು ಜನ ಬಂದಾರು ಅಂತ ಬೋರ್ಡಿನಲ್ಲಿ ಚಾಪೆ ವ್ಯಾಯಾಮ ಅಂತಲೇ ಬರೆಸಿದರು. ಇಲಾಖೆಯಿಂದ ಗ್ರಾಂಟೂ ಬಂತು. ಗ್ರಾಂಟು ಬಂದ ಮೇಲೆ ಸಮಸ್ಯೆ ಇನ್ನಷ್ಟು ಗಟ್ಟಿಯಾಯಿತು.

ಮೊದಲ ತಂಡದಲ್ಲಿ ಸೇರಿದವರ ಪೈಕಿ ಚೂಡಾಮಣಿ ಅನ್ನೋ ಹುಡುಗಿಯೂ ಒಬ್ಬಳು. ಬನಶಂಕರಿಯ ಒಂದು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಡ್ರಿಲ್ ಟೀಚರು, ಹಂಗಾಮಿ. ಪ್ರತಿ ಏಪ್ರಿಲ್‌ಗೆ ತೆಗೆಯುತ್ತಿದ್ದರು, ಪ್ರತಿ ಜೂನ್‌ಗೆ ಕರೆಯುತ್ತಿದ್ದರು, ನಡುವೆ ಎರಡು ತಿಂಗಳು ತಾಯಿ ಮುನಿವೆಂಕಟಮ್ಮ ದೇವಸ್ಥಾನದ ಮುಂದೆ ಮಾರುವ ಹೂವಿನಲ್ಲೇ ಇಬ್ಬರ ಹೊಟ್ಟೆ ನಡೆಯಬೇಕಿತ್ತು. ಆ ವರ್ಷ ಹೆಡ್ ಮೇಡಂ ಬಸವಲಿಂಗಮ್ಮನವರು ಕರೆದು ಹೇಳಿಬಿಟ್ಟಿದ್ದರು.

"ನೋಡು ಚೂಡಾಮಣಿ, ಬರೋ ಜೂನ್‌ನಿಂದ ಪೋಸ್ಟು ಖಾಯಂ ಆಗುತ್ತೆ. ಚಾಪೆ ವ್ಯಾಯಾಮದ ಸರ್ಟಿಫಿಕೇಟ್ ತಂದ್ರೆ ನಿನಗೆ. ತರ್ಲಿಲ್ಲ ಅಂದ್ರೆ ಹೊಲಿಗೆ ಮಿಸ್ ಕೇಳ್ತಾ ಇದಾರೆ, ಅವರಿಗೆ."

"ಹೊಲಿಗೆ ಮಿಸ್ಸಿಗೆ ಡ್ರಿಲ್ ಬರುತ್ತಾ ಮೇಡಂ?"

"ಇಲ್ಲ. ಆದ್ರೆ ಅವರು ಸರ್ಟಿಫಿಕೇಟ್ ತರ್ತಾರೆ."

ಹೀಗಾಗಿ ಚೂಡಾಮಣಿಗೆ ಬೇಕಾಗಿದ್ದುದು ಒಂದೇ. ಅಧ್ಯಕ್ಷರ ಸಹಿ ಬಿದ್ದ ಒಂದು ಕಾಗದ. ಅದಕ್ಕಾಗಿ ಅವಳು ಮಲಗುವುದೇನು, ತಲೆ ಕೆಳಗೆ ಮಾಡಿ ನಿಲ್ಲುವುದಕ್ಕೂ ಸಿದ್ಧಳಾಗಿ ಬಂದಿದ್ದಳು.

ಕಲಿಸಲು ಬಂದವರು ಸೀತಾಲಕ್ಷ್ಮಿ. ಗಂಡನ ಜೊತೆ ಪರದೇಶದಲ್ಲಿದ್ದು, ಅಲ್ಲೇ ಈ ವಿದ್ಯೆ ಕಲಿತು, ಅಲ್ಲೇ ಕಲಿಸಿ, ಈಗ ಜೆ.ಪಿ. ನಗರದಲ್ಲಿ ಮನೆ ಕಟ್ಟಿಕೊಂಡಿದ್ದರು. ಮೊದಲ ದಿನ ಬೋರ್ಡಿನ ಮೇಲೆ ಮೂಲ ತತ್ವಗಳನ್ನು ಬರೆದರು. ಉಸಿರು. ಏಕಾಗ್ರತೆ. ನಡುವಿನ ಬಲ. ಹಿಡಿತ. ನಿಖರತೆ. ಹರಿವು. ಬರೆದು, ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, "ಸರಿ, ಎಲ್ಲಾರೂ ಮಲಗಿ" ಅಂದರು.

ಯಾರೂ ಮಲಗಲಿಲ್ಲ.

ಸಂಘದ ಹಾಲ್ ಹೇಗಿತ್ತು ಅಂತ ಹೇಳದೆ ಮುಂದಕ್ಕೆ ಹೋದರೆ ನಿಮಗೆ ತಿಳಿಯೋದಿಲ್ಲ. ಒಳ್ಳೆ ವಿಶಾಲವಾದ ಹಾಲ್, ಕನ್ನಡಿಯ ಹಾಗೆ ಹೊಳೆಯುವ ಕೆಂಪು ನೆಲ. ಮೂಡಲ ಗೋಡೆಗೆ ದೇವರ ಪಟಗಳು, ಯಾಕೆಂದರೆ ಶನಿವಾರ ಅಲ್ಲೇ ಭಜನೆ. ಪಡುವಲ ಗೋಡೆಗೆ ದೇಶದ ನಾಯಕರ ಪಟಗಳು, ಒಬ್ಬ ಮಂತ್ರಿ ಬಂದು ಪರದೆ ಸರಿಸಿಹೋದದ್ದು. ತೆಂಕಲ ಗೋಡೆಗೆ ಜಾಗ ದಾನ ಮಾಡಿದ ಹಿರಿಯರ ಪಟ, ಗಂಧದ ಹಾರದ ಸಮೇತ. ಬಡಗಲ ಗೋಡೆಗೆ ಅಧ್ಯಕ್ಷರಾದ ಸಿದ್ದಲಿಂಗಯ್ಯನವರದೇ ಆಳೆತ್ತರದ ಪಟ. ಅವರಿಗೆ ಅರವತ್ತು ತುಂಬಿದಾಗ ಸದಸ್ಯರು ಪ್ರೀತಿಯಿಂದ ಮಾಡಿಸಿಕೊಟ್ಟದ್ದು. ಪ್ರೀತಿ ಎಷ್ಟು ಕೊಡಬೇಕು ಅಂತ ಗುರುಶಾಂತಪ್ಪನವರು ಮುಂಚೆಯೇ ಹೇಳಿದ್ದರು.

ಈಗ ಹೇಳಿ. ಮನುಷ್ಯ ಮಲಗಿದ ಮೇಲೆ ಅವನ ಕಾಲು ಯಾವುದಾದರೂ ಒಂದು ಕಡೆಗೆ ಹೋಗಲೇಬೇಕು. ಮೂಡಲಿಗೆ ನೀಡಿದರೆ ದೇವರಿಗೆ. ಪಡುವಲಿಗೆ ನೀಡಿದರೆ ದೇಶಕ್ಕೆ. ತೆಂಕಲಿಗೆ ನೀಡಿದರೆ ದಾನಿಗಳಿಗೆ. ಅದೂ ಅಲ್ಲದೆ ತಲೆ ಬಡಗಲಿಗೆ ಬರುತ್ತದೆ, ಹಾಗೆ ಹೆಣವನ್ನು ಮಲಗಿಸುತ್ತಾರೆ. ಉಳಿದದ್ದು ಬಡಗಲು. ಬಡಗಲಲ್ಲಿ ಸಿದ್ದಲಿಂಗಯ್ಯನವರು ಕೋಟು ಹಾಕಿಕೊಂಡು ನಗುತ್ತ ನಿಂತಿದ್ದರು.

ಸೀತಾಲಕ್ಷ್ಮಿಯವರು ಸ್ವಲ್ಪ ಹೊತ್ತು ಕಾದರು. "ಓರೆಯಾಗಿ ಮಲಗಿ" ಅಂದರು. ಈಶಾನ್ಯ ದೇವಮೂಲೆ ಅಂತ ಒಬ್ಬರೆಂದರು. ಆಗ್ನೇಯದಲ್ಲಿ ಕಾಫಿ ಕಾಯಿಸುತ್ತಾರೆ, ಅಗ್ನಿಗೆ ಕಾಲು ನೀಡಬಾರದು ಅಂತ ಇನ್ನೊಬ್ಬರೆಂದರು. "ಹಾಗಾದ್ರೆ ಮಲಗಿ ಕಾಲನ್ನ ಮೇಲಕ್ಕೆ ಎತ್ತಿ, ಸೂರಿನ ಕಡೆ" ಅಂದರು ಮೇಡಂ. ಸೂರಿನ ಮೇಲೆ, ಮಹಡಿಯಲ್ಲಿ, ಅಧ್ಯಕ್ಷರ ಕೊಠಡಿ ಇತ್ತು.

ಚೂಡಾಮಣಿಗೆ ಇದರಲ್ಲಿ ಅಂಥ ಕಷ್ಟ ಏನೂ ಕಾಣಲಿಲ್ಲ. ಅವರ ಮನೆ ಇರೋದೇ ಒಂದು ಕೋಣೆ. ಚಾಪೆ ಒಂದೇ ರೀತಿ ಹಿಡಿಸುತ್ತದೆ, ಕಾಲ ಬುಡದಲ್ಲೇ ದೇವರ ಗೂಡು. ಮುನಿವೆಂಕಟಮ್ಮ ಮಲಗುವ ಮುಂಚೆ "ತಪ್ಪಾಯ್ತು ತಾಯಿ" ಅಂತ ಎರಡೂ ಕೆನ್ನೆ ತಟ್ಟಿಕೊಂಡು ಕಾಲು ನೀಡುತ್ತಿದ್ದಳು. ಮಗಳೂ ಹಾಗೇ. ತಾಯಿ ಬನಶಂಕರಿ ಇಷ್ಟು ವರ್ಷ ಒಂದು ಮಾತೂ ಅಂದಿರಲಿಲ್ಲ. ಹಾಗಾಗಿ ಚೂಡಾಮಣಿ ಕೈ ಎತ್ತಿ ಅದನ್ನೇ ಹೇಳಿದಳು.

"ತಪ್ಪಾಯ್ತು ಅಂತ ಕೆನ್ನೆ ತಟ್ಕೊಂಡು ಮಲಗಬಹುದಲ್ವಾ ಸಾರ್?"

ಗುರುಶಾಂತಪ್ಪನವರು ಅವಳನ್ನು ಕನಿಕರದಿಂದ ನೋಡಿದರು. "ತಪ್ಪಾಯ್ತು ಅಂದ್ರೆ ತಪ್ಪು ಒಪ್ಕೊಂಡ ಹಾಗೆ ಕಣಮ್ಮ. ತಪ್ಪು ಒಪ್ಕೊಂಡ್ರೆ ವಿವರಣೆ ಕೇಳ್ಬೇಕು. ವಿವರಣೆ ಕೊಟ್ರೆ ವಿಚಾರಣೆ ಮಾಡ್ಬೇಕು. ನೀನು ವ್ಯಾಯಾಮ ಕಲೀಲಿಕ್ಕೆ ಬಂದಿದೀಯೋ, ಸಸ್ಪೆಂಡ್ ಆಗೋಕೆ ಬಂದಿದೀಯೋ?"

ಚೂಡಾಮಣಿ ಕೈ ಇಳಿಸಿದಳು. ಮಲಗಲಿಕ್ಕೂ ಮುಂಚೆ ವಿಚಾರಣೆ ಅಂದರೆ ಸರ್ಟಿಫಿಕೇಟ್ ಎಲ್ಲಿ ಸಿಕ್ಕೀತು.

ಪಟ ತೆಗೆಯಬಹುದಲ್ಲ ಅಂತ ನೀವು ಕೇಳಬಹುದು. ಸೀತಾಲಕ್ಷ್ಮಿಯವರೂ ಕೇಳಿದರು. ಮಂತ್ರಿಗಳು ಅನಾವರಣ ಮಾಡಿದ ಪಟವನ್ನು ಇಳಿಸಬೇಕಾದರೆ ಅಷ್ಟೇ ದರ್ಜೆಯ ಮಂತ್ರಿಗಳು ಬಂದು ಇಳಿಸಬೇಕು, ಅವರಿಗೂ ಹಾರ ಹಾಕಬೇಕು. ದೇವರ ಪಟ ಇಳಿಸುವ ಧೈರ್ಯ ಯಾರಿಗೂ ಇಲ್ಲ. ದಾನಿಗಳ ಪಟ ಇಳಿಸಿದರೆ ಅವರ ಮೊಮ್ಮಗ ಜಾಗ ವಾಪಸು ಕೇಳುತ್ತಾನೆ. ಎಲ್ಲರೂ ಮೆಲ್ಲಗೆ ಬಡಗಲ ಗೋಡೆಯ ಕಡೆ ನೋಡಿದರು.

ಸಿದ್ದಲಿಂಗಯ್ಯನವರು ವಿನಯದಿಂದ ತಲೆ ಬಗ್ಗಿಸಿದರು. "ನನ್ನ ಪಟಕ್ಕೆ ಯಾರು ಕಾಲು ನೀಡಿದ್ರೂ ವೈಯಕ್ತಿಕವಾಗಿ ನನಗೇನೂ ಬೇಜಾರಿಲ್ಲ. ನಾನು ಸಾಮಾನ್ಯ ಮನುಷ್ಯ. ಆದ್ರೆ ಆ ಪಟದಲ್ಲಿರೋದು ನಾನಲ್ಲ, ಅಧ್ಯಕ್ಷ ಸ್ಥಾನ. ಸ್ಥಾನಕ್ಕೆ ಕಾಲು ನೀಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಅಷ್ಟು ಹೇಳಿ ಕಣ್ಣೊರೆಸಿಕೊಂಡರು. ಕಾರ್ಯಕಾರಿ ಸಮಿತಿಯ ಸಭೆ ಕರೆಯಲಾಯಿತು.

ಸಭೆಗೆ ತಜ್ಞರ ಅಭಿಪ್ರಾಯ ಬೇಕಿತ್ತು. ಶರೀರಶಾಸ್ತ್ರ ಕಲಿಸಲು ಸಂಘ ನೇಮಿಸಿದ್ದು ಡಾಕ್ಟರ್ ಸಂಜೀವಯ್ಯನವರನ್ನು. ರಿಟೈರ್ ಆದ ದನದ ಡಾಕ್ಟರು. ಮನುಷ್ಯರ ಡಾಕ್ಟರುಗಳು ಬರುವ ಹೊತ್ತು ಹೊಂದಲಿಲ್ಲ, ಮೂಳೆ ಮೂಳೆಯೇ ತಾನೇ ಅಂತ ಇವರನ್ನು ತೆಗೆದುಕೊಂಡಿದ್ದರು. ಅವರು ತಮ್ಮ ಇಲಾಖೆಯ ಹಳೇ ಹಸುವಿನ ಚಾರ್ಟನ್ನೇ ತಂದು ತಗುಲಿ ಹಾಕಿ, ಕೋಲಿಟ್ಟು ತೋರಿಸಿ, ಬಲು ಮನಸ್ಸಿಟ್ಟು ಪಾಠ ಮಾಡುತ್ತಿದ್ದರು. "ಇದು ಬೆನ್ನುಮೂಳೆ. ಇವು ಪಕ್ಕೆಲುಬು, ಹದಿಮೂರು ಜೊತೆ. ಇಲ್ಲಿ ಬಾಲದ ಮೂಳೆ. ನಿಮ್ಮಲ್ಲಿ ಇದು ಸ್ವಲ್ಪ ಮೊಟಕು, ಬೇಜಾರು ಮಾಡ್ಕೋಬೇಡಿ." ಹೆಂಗಸರೆಲ್ಲ ಸೆರಗಿನ ಮರೆಯಲ್ಲಿ ತಮ್ಮ ತಮ್ಮ ಪಕ್ಕೆಲುಬು ಎಣಿಸಿಕೊಂಡರು. ಒಂದು ಜೊತೆ ಕಡಿಮೆ ಬಂತು. ಬಾಣಂತನದಲ್ಲಿ ಸರಿಯಾಗಿ ಆರೈಕೆ ಆಗದಿದ್ದರೆ ಹೀಗೆ ಅಂತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಚೂಡಾಮಣಿಗೆ ಮದುವೆಯೇ ಆಗಿರಲಿಲ್ಲ. ಅವಳು ಸುಮ್ಮನೆ ಹದಿಮೂರು ಅಂತ ಬಾಯಿಪಾಠ ಮಾಡಿಕೊಂಡಳು.

ಸಭೆಯಲ್ಲಿ ಸಂಜೀವಯ್ಯನವರು ಎದ್ದು ನಿಂತು ತಮ್ಮ ಇಡೀ ಸರ್ವೀಸಿನ ಸಾರವನ್ನು ಹೇಳಿದರು.

"ನಾನು ಕನಕಪುರ ರಸ್ತೆ ಉದ್ದಕ್ಕೂ ದನ ನೋಡಿದೀನಿ. ಆರೋಗ್ಯವಾಗಿರೋ ಯಾವ ಪ್ರಾಣೀನೂ ಅಂಗಾತ ಮಲಗಿ ಕಾಲು ಮೇಲೆತ್ತಿದ್ದು ನಾನು ನೋಡಿಲ್ಲ. ಹಾಗೆ ಎತ್ತಿತ್ತು ಅಂದ್ರೆ ನಾನು ಹೋಗೋದ್ರೊಳಗೆ ಅದರ ಕತೆ ಮುಗಿದಿರ್ತಿತ್ತು."

"ಡಾಕ್ಟ್ರೇ, ಮನುಷ್ಯರ ಸೊಂಟ ಬೇರೆ, ದನದ ಸೊಂಟ ಬೇರೆ" ಅಂದರು ಸೀತಾಲಕ್ಷ್ಮಿ.

"ದನಕ್ಕೆ ಬೆನ್ನುನೋವು ಬಂದಿದ್ದು ನೀವು ಕಂಡಿದೀರಾ ಮೇಡಂ?"

ಅವರು ಕಂಡಿರಲಿಲ್ಲ. ವಾದ ಅಲ್ಲಿಗೆ ಬಿತ್ತು.

ಗುರುಶಾಂತಪ್ಪನವರು ಸೀತಾಲಕ್ಷ್ಮಿಯವರ ಕಡೆಗೇ ತಿರುಗಿ ಕೇಳಿದರು. "ಮೇಡಂ, ಸತ್ಯವಾಗಿ ಹೇಳಿ. ಗೋಡೆಗೆ ಒರಗಿ ಮಾಡೋ ವ್ಯಾಯಾಮ ನಿಮ್ಮಲ್ಲಿ ಒಂದೂ ಇಲ್ವೇ?"

"ಒಂದಿದೆ. ಗೋಡೆಗೆ ಬೆನ್ನು ಕೊಟ್ಟು, ತಲೆಯಿಂದ ಶುರುಮಾಡಿ, ಬೆನ್ನಿನ ಒಂದೊಂದೇ ಮೂಳೆ ಗೋಡೆಯಿಂದ ಬಿಡಿಸ್ತಾ ಬಗ್ಗೋದು. ಅದು ಕೊನೇಲಿ ಮಾಡೋದು. ಅದಕ್ಕೆ ಮುಂಚೆ—"

"ಇದೆ ಅಂದ್ರಲ್ಲ. ಸಾಕು" ಅಂದು ಗುರುಶಾಂತಪ್ಪನವರು ಬರೆದುಕೊಂಡರು.

ಮರುದಿನ ನೋಟೀಸ್ ಬೋರ್ಡಿನಲ್ಲಿ ಸುತ್ತೋಲೆ ಬಂತು.

"ಈ ಮೂಲಕ ಸಮಸ್ತ ಶಿಕ್ಷಣಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ, ಚಾಪೆ ವ್ಯಾಯಾಮದಲ್ಲಿ ಮುಖ್ಯವಾದುದು ಬೆನ್ನಿಗೂ ಚಾಪೆಗೂ ಇರುವ ಸಂಬಂಧವೇ ಹೊರತು ಚಾಪೆಗೂ ನೆಲಕ್ಕೂ ಇರುವ ಸಂಬಂಧವಲ್ಲ. ಆದ್ದರಿಂದ ಇನ್ನು ಮುಂದೆ ಚಾಪೆಯನ್ನು ಗೋಡೆಗೆ ತೂಗುಹಾಕತಕ್ಕದ್ದು. ಶಿಕ್ಷಣಾರ್ಥಿಯು ಅದಕ್ಕೆ ಬೆನ್ನು ಕೊಟ್ಟು ನಿಲ್ಲತಕ್ಕದ್ದು. ಹಾಗೆ ನಿಂತಿರುವ ಅವಧಿಯನ್ನು ಎಲ್ಲ ಉದ್ದೇಶಗಳಿಗಾಗಿ ಮಲಗಿದ ಅವಧಿಯೆಂದು ಪರಿಗಣಿಸಲಾಗುವುದು. ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಲ್ಲಿ ಎದ್ದಂತೆ. ಗೆಜೆಟೆಡ್ ದರ್ಜೆಯವರಿಗೂ ಸಂಘದ ಪದಾಧಿಕಾರಿಗಳಿಗೂ ಹೊಟ್ಟೆ ಒಳಗೆಳೆದುಕೊಳ್ಳುವುದರಿಂದ ವಿನಾಯಿತಿ ಇದೆ."

ದೇವರಿಗೆ ಬೆನ್ನು ತೋರಿಸಿದ ಹಾಗಾಗುವುದಿಲ್ಲವೇ ಅಂತ ಯಾರೋ ಕೇಳಿದರು. ಬೆನ್ನುಮೂಳೆ ಸಂಘದಲ್ಲಿ ಬೆನ್ನು ತೋರಿಸುವುದು ಅಪಚಾರವಲ್ಲ, ಪ್ರಗತಿ ವರದಿ ಒಪ್ಪಿಸಿದ ಹಾಗೆ ಅಂತ ಉತ್ತರ ಬಂತು.

ಚಾಪೆಗಳನ್ನು ತಂದದ್ದು ತಲಘಟ್ಟಪುರದ ತಿಮ್ಮಕ್ಕ. ಈಚಲು ಗರಿಯ ಚಾಪೆ, ಕೈಯಲ್ಲೇ ಹೆಣೆದದ್ದು. ಬಸ್ಸಿನ ಮೇಲೆ ಹೇರಿಕೊಂಡು ಬಂದು ಇಳಿಸಿದಳು. ಹಾಲಿನಲ್ಲಿ ಗೋಡೆಗೆಲ್ಲ ಮೊಳೆ ಹೊಡೆಯುತ್ತಿದ್ದುದನ್ನು ನೋಡಿ ಚೂಡಾಮಣಿಯ ಪಕ್ಕ ಬಂದು ನಿಂತಳು.

"ಅದೇನವ್ವಾ, ಚಾಪೆ ಒಣಗ್ಸಕ್ಕಾ? ಒಣಗಿರೋದೇ ತಂದಿವ್ನಿ."

"ಮಲಗೋಕೆ ಕಣಕ್ಕ."

ತಿಮ್ಮಕ್ಕ ಗೋಡೆ ನೋಡಿದಳು, ಮೊಳೆ ನೋಡಿದಳು, ಚೂಡಾಮಣಿಯ ಮುಖ ನೋಡಿದಳು. "ಜಯನಗರ್ದೋರು ಹಿಂಗಾ ಮಲ್ಗದು?"

"ಸಂಘದಲ್ಲಿ ಹಿಂಗೇ."

"ಜಾರಿ ಬೀಳಕಿಲ್ವಾ?"

"ನಿಂತಿರ್ತೀವಲ್ಲ, ಹೆಂಗೆ ಬೀಳ್ತೀವಿ?"

"ಅದೂ ಸರಿಯೇ ಬುಡು" ಅಂದು ತಿಮ್ಮಕ್ಕ ಎಲೆಯಡಿಕೆ ಚೀಲ ಬಿಚ್ಚಿದಳು. ಎಲೆ ಹಾಕಿಕೊಂಡು ಯೋಚನೆ ಮಾಡಿ, ಮುಂದಿನ ಸಲ ಚಾಪೆ ತರುವಾಗ ಮೇಲ್ಗಡೆ ಅಂಚಿಗೆ ಎರಡು ಕುಣಿಕೆ ಹೆಣೆದು ತಂದಳು. ಕುಣಿಕೆ ಇರುವ ಚಾಪೆಗೆ ದರ ಬೇರೆ. ಆಮೇಲೆ ಅವಳು ಯಾವತ್ತೂ ಏನೂ ಕೇಳಲಿಲ್ಲ.

ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಸೊಪ್ಪು ತೊಳೆದಿಟ್ಟು, ಮುದ್ದೆ ತಿರುವಿಟ್ಟು, ಹೆಣ್ಣುಮಕ್ಕಳು ಓಡಿ ಓಡಿ ಬಂದು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಸೀತಾಲಕ್ಷ್ಮಿಯವರು ಹೊಸ ಮಾತಿಗೆ ನಾಲಿಗೆ ಹೊಂದಿಸಿಕೊಳ್ಳಲು ಪಾಡುಪಟ್ಟರು. "ಈಗ ಎರಡೂ ಕಾಲು ಒಟ್ಟಿಗೆ ಎತ್ತಿ" ಅನ್ನುವುದು, ಅಂದ ಮೇಲೆ ತಾವೇ ಸುಮ್ಮನಾಗುವುದು. ನಿಂತವರು ಎರಡೂ ಕಾಲು ಒಟ್ಟಿಗೆ ಎತ್ತಿದರೆ ಏನಾಗುತ್ತದೆ ಅಂತ ಹುಮ್ಮಸ್ಸಿನ ಹೆಂಗಸೊಬ್ಬರು ತೋರಿಸಿಯೇ ಬಿಟ್ಟಿದ್ದರು. ಸಮಿತಿ ಮತ್ತೆ ಕೂತಿತು. ಎಡಗಾಲನ್ನು ಸೋಮವಾರ, ಬಲಗಾಲನ್ನು ಗುರುವಾರ ಎತ್ತತಕ್ಕದ್ದು. ಎರಡೂ ಒಂದೇ ವಾರದಲ್ಲಿ ಬರುವುದರಿಂದ ಒಟ್ಟಿಗೆ ಎತ್ತಿದಂತೆಯೇ ಲೆಕ್ಕ ಅಂತ ಬಗೆಹರಿಸಿತು. ಸೋಮವಾರ ಸರ್ಕಾರಿ ರಜೆ ಬಂದರೆ ಆ ವಾರ ಬರೀ ಬಲಗಾಲು.

ಬೆನ್ನು ಬಿಡಿಸಿ ಬಗ್ಗುವ ಆ ಒಂದು ವ್ಯಾಯಾಮ ಮಾತ್ರ ಎಲ್ಲರಿಗೂ ಬಂದುಬಿಟ್ಟಿತು. ತಲೆ ಬಗ್ಗಿಸಿ, ಕುತ್ತಿಗೆ ಬಗ್ಗಿಸಿ, ಬೆನ್ನು ಬಗ್ಗಿಸಿ, ಕೈ ನೆಲಕ್ಕೆ ತಾಗಿಸುವುದು. ತೆಂಕಲ ಗೋಡೆಯವರು ಹಾಗೆ ಬಗ್ಗಿದರೆ ನೇರ ಎದುರಿಗೆ ಸಿದ್ದಲಿಂಗಯ್ಯನವರ ಪಟದ ಪಾದ. ಸಿದ್ದಲಿಂಗಯ್ಯನವರು ಒಂದು ದಿನ ಬಂದು ನೋಡಿ, "ಇದರಲ್ಲಿ ನಮ್ಮ ಸಂಸ್ಕೃತಿ ಇದೆ" ಅಂದರು. ಮುಂದಿನ ವಾರದಿಂದ ಎಲ್ಲರನ್ನೂ ಸರದಿಯ ಮೇಲೆ ತೆಂಕಲ ಗೋಡೆಗೇ ನಿಲ್ಲಿಸುವುದು ಅಂತಾಯಿತು.

ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಸೀತಾಲಕ್ಷ್ಮಿಯವರು ಚೂಡಾಮಣಿಯನ್ನು ನಿಲ್ಲಿಸಿಕೊಂಡರು.

"ನೀವು ಡ್ರಿಲ್ ಟೀಚರ್. ಮೈ ಹೆಂಗೆ ಕೆಲಸ ಮಾಡುತ್ತೆ ನಿಮಗೆ ಗೊತ್ತು. ಇಲ್ಲಿ ಈಗ ಯಾರೂ ಇಲ್ಲ. ಒಂದೇ ಒಂದ್ಸಲ ನೆಲದ ಮೇಲೆ ಮಲಗಿ. ಹೊಟ್ಟೆ ಒಳಗೆ ಏನಾಗುತ್ತೆ ನಿಮಗೇ ಗೊತ್ತಾಗುತ್ತೆ."

ಚೂಡಾಮಣಿಗೆ ಮಲಗಬೇಕು ಅನ್ನಿಸಿತು. ನೆಲ ತಣ್ಣಗಿತ್ತು, ಬೆಳಿಗ್ಗೆಯಿಂದ ನಿಂತು ಕಾಲು ಪದ ಹಾಡುತ್ತಿತ್ತು. ಬಡಗಲ ಗೋಡೆಯ ಕಡೆ ನೋಡಿದಳು. ಸಿದ್ದಲಿಂಗಯ್ಯನವರು ನಗುತ್ತಿದ್ದರು. ಯಾರೋ ಕಂಡು, ಯಾರಿಗೋ ಹೇಳಿ, ಕಾಗದ ಕೈತಪ್ಪಿದರೆ ಜೂನ್‌ನಲ್ಲಿ ಅಂಗಳದಲ್ಲಿ ಸೀಟಿ ಊದುವವರು ಹೊಲಿಗೆ ಮಿಸ್.

"ಪರೀಕ್ಷೆ ಮುಗೀಲಿ ಮೇಡಂ" ಅಂದಳು.

"ಪರೀಕ್ಷೆಗೆ ಇಲಾಖೆಯವರು ಬರ್ತಾರೆ. ಅವರ ಹತ್ರ ಹಳೇ ಸಿಲಬಸ್ ಇದೆ, ನಾನೇ ಬರೆದುಕೊಟ್ಟಿದ್ದು. ಅವರು ಮಲಗಿ ಅಂತಾರೆ. ಆಗ?"

ಚೂಡಾಮಣಿ ಚಪ್ಪಲಿ ಮೆಟ್ಟಿಕೊಂಡು ನಡೆದಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಹೋದಳು. ಅಭ್ಯಾಸವಾಗಿತ್ತು.

ಪರೀಕ್ಷೆಯ ದಿನ ಇಲಾಖೆಯ ಪರೀಕ್ಷಾಧಿಕಾರಿ ತಿರುಮಲೇಶ ಅನ್ನೋರು ಜೀಪಿನಲ್ಲಿ ಬಂದರು. ಸಫಾರಿ ಸೂಟು. ಪಾಪ, ಅವರಿಗೇ ಸೊಂಟ ನೋವು. ಜೀಪಿನಿಂದ ಇಳಿಯುವಾಗ ಬಾಗಿಲು ಹಿಡಿದು ಅರ್ಧ ನಿಮಿಷ ನಿಂತರು. ಇಂಥ ವಿದ್ಯೆ ಇದ್ದರೆ ತಾನೂ ಕಲಿಯಬೇಕು ಅಂತ ಮನಸ್ಸಿಟ್ಟು ಬಂದಿದ್ದರು. ದಾರಿಯುದ್ದಕ್ಕೂ ಸಿಲಬಸ್ ಓದಿಕೊಂಡೂ ಬಂದಿದ್ದರು. ಪರೀಕ್ಷೆಗೆ ಬರುವವರು ಸಿಲಬಸ್ ಓದಿಕೊಂಡು ಬರುವುದು ಆ ಕಾಲದಲ್ಲಿ ಅಷ್ಟಾಗಿ ಇರಲಿಲ್ಲ, ಸಂಘದವರು ಅದಕ್ಕೆ ಸಿದ್ಧರಾಗಿರಲಿಲ್ಲ.

ಮೊದಲು ಕರೆದದ್ದು ಚೂಡಾಮಣಿಯನ್ನೇ. ಬಂದು ತೆಂಕಲ ಗೋಡೆಯ ಚಾಪೆಗೆ ಬೆನ್ನು ಕೊಟ್ಟು ನಿಂತಳು.

"ಎಷ್ಟು ಜೊತೆ ಪಕ್ಕೆಲುಬಮ್ಮ?"

"ಹದಿಮೂರು ಸಾರ್."

ತಿರುಮಲೇಶರ ಕೈ ತಾನಾಗಿ ಸಫಾರಿ ಕೋಟಿನೊಳಗೆ ಹೋಯಿತು. ತುಸು ಹೊತ್ತು ಅಲ್ಲೇ ಮೆಲ್ಲಗೆ ಓಡಾಡಿತು. ಕೈ ಹೊರಗೆ ಬಂದಾಗ ಮುಖ ಸಪ್ಪಗಿತ್ತು. ತಮ್ಮಲ್ಲಿ ಒಂದು ಜೊತೆ ಕಡಿಮೆ ಇರುವುದು ಇಲಾಖೆಗೆ ಗೊತ್ತಾದರೆ ಬಡ್ತಿಗೆ ಅಡ್ಡಿಯಾದೀತು ಅಂತಲೋ ಏನೋ, ಸರಿ ಅಂತ ಗುರುತು ಹಾಕಿ ಮುಂದಕ್ಕೆ ಹೋದರು.

"ಇನ್ನು ಪ್ರಾಕ್ಟಿಕಲ್. ಅಭ್ಯರ್ಥಿಯು ಚಾಪೆಯ ಮೇಲೆ ಅಂಗಾತ ಮಲಗತಕ್ಕದ್ದು. ಮಲಗಮ್ಮ."

ಆಗ್ನೇಯದಲ್ಲಿ ಕಾಫಿ ಕುದಿಯುವ ಸದ್ದು ಕೇಳಿಸಿತು. ಮೂಲೆಯಲ್ಲಿ ಕೂತಿದ್ದ ಸೀತಾಲಕ್ಷ್ಮಿಯವರು ಕುರ್ಚಿಯ ಅಂಚಿಗೆ ಬಂದರು. ಇಷ್ಟು ತಿಂಗಳಿಗೆ ಮೊದಲ ಸಲ ಅವರ ಮುಖದಲ್ಲಿ ಬೆಳಕು ಕಂಡಿತು. ಗುರುಶಾಂತಪ್ಪನವರು ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಚೂಡಾಮಣಿಯನ್ನು ನೋಡಿದರು. ಗೋಡೆಯ ಮೇಲಿನ ಅಧ್ಯಕ್ಷರೂ ನೋಡಿದರು.

ಚೂಡಾಮಣಿ ನೆಲ ನೋಡಿಕೊಂಡಳು. ಮಲಗಿದರೆ ಪಾಸು ಮಾಡುವವರು ಪಾಸು ಮಾಡುತ್ತಾರೆ, ಸಹಿ ಹಾಕುವವರು ಸಹಿ ಹಾಕುವುದಿಲ್ಲ. ಮಲಗದಿದ್ದರೆ ಸಹಿ ಹಾಕುವವರು ಇದ್ದಾರೆ, ಪಾಸು ಮಾಡುವವರಿಲ್ಲ. ಅವ್ವನ ಹೂವಿನ ಬುಟ್ಟಿ ಕಣ್ಣ ಮುಂದೆ ಬಂತು. ಏಪ್ರಿಲ್ ಬಂತು, ಮೇ ಬಂತು. ಉಸಿರು ಎಳೆದುಕೊಂಡಳು. ಏಕಾಗ್ರತೆ ತಂದುಕೊಂಡಳು. ನಡುವಿನಲ್ಲಿ ಬಲ ತುಂಬಿಕೊಂಡಳು. ಮೇಡಂ ಕಲಿಸಿದ ತತ್ವಗಳೆಲ್ಲ ಒಂದೇ ಗಳಿಗೆಯಲ್ಲಿ ಅವಳೊಳಗೆ ಕೂಡಿಕೊಂಡವು.

"ಮಲಗಿದೀನಿ ಸಾರ್" ಅಂದಳು.

ತಿರುಮಲೇಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾವಾಗಿನಿಂದ?"

"ಬೆಳಿಗ್ಗೆಯಿಂದ ಸಾರ್."

"ಕಣ್ಣು ಬಿಟ್ಕೊಂಡು?"

"ವ್ಯಾಯಾಮ ಸಾರ್, ನಿದ್ದೆ ಅಲ್ಲ."

ಅವರು ಹಾಲ್ ತುಂಬ ಒಮ್ಮೆ ಕಣ್ಣಾಡಿಸಿದರು. ಮಿಕ್ಕ ಅಭ್ಯರ್ಥಿಗಳು ಗೋಡೆಯುದ್ದಕ್ಕೂ ಚಾಪೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದರು. "ಇವರೆಲ್ಲ?"

"ಅವರೂ ಮಲಗಿದಾರೆ ಸಾರ್. ಮೆಲ್ಲಗೆ ಮಾತಾಡಿ."

ಆ ಹೊತ್ತಿಗೆ ಸರಿಯಾಗಿ ಹೋಳಿಗೆ ಬಂತು. ಕಾಯಿ ಹೋಳಿಗೆ, ಮೇಲೆ ತುಪ್ಪ. ಸಿದ್ದಲಿಂಗಯ್ಯನವರು ತಾವೇ ತಟ್ಟೆ ಹಿಡಿದು ಬಂದು, ಸಂಘದ ಮುಂದಿನ ವರ್ಷದ ಗ್ರಾಂಟಿನಲ್ಲಿ ಪರೀಕ್ಷಾಧಿಕಾರಿಗಳ ಗೌರವಧನಕ್ಕೂ ಅವಕಾಶ ಕೇಳಿರುವ ವಿಷಯವನ್ನು ಮಾತಿಗೆ ಮಾತು ಬಂದು ಹೇಳಿದರು. ತಿರುಮಲೇಶರು ಹೋಳಿಗೆ ಮುರಿದರು. ಎರಡನೆಯದನ್ನು ಮುರಿಯುವ ಹೊತ್ತಿಗೆ ಅವರಿಗೂ ಕಣ್ಣು ಹೊಂದಿಕೊಂಡಿತು.

"ಸರಿ, ಏಳಮ್ಮ" ಅಂದರು.

ಚೂಡಾಮಣಿ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತಳು. "ಎದ್ದೆ ಸಾರ್."

ಮಲಗಿದ್ದಕ್ಕೂ ಎದ್ದದ್ದಕ್ಕೂ ವ್ಯತ್ಯಾಸ ಸ್ಪಷ್ಟವಾಗಿದೆ ಎಂದು ಅವರು ಷರಾ ಬರೆದರು. ಹೋಗುವಾಗ ತಮ್ಮ ಸೊಂಟಕ್ಕೆ ಏನಾದರೂ ಹೇಳಿಕೊಡಿ ಅಂತ ಕೇಳಿದರು. ಗುರುಶಾಂತಪ್ಪನವರು ಅವರನ್ನು ಗೋಡೆಗೆ ನಿಲ್ಲಿಸಿ ಕಾಲು ಗಂಟೆ ಮಲಗಿಸಿ ಕಳಿಸಿದರು. ಹೊಟ್ಟೆಯ ವಿಷಯದಲ್ಲಿ ವಿನಾಯಿತಿ ಇತ್ತು.

ಸರ್ಟಿಫಿಕೇಟ್ ಬಂತು. ಜೂನ್‌ನಲ್ಲಿ ಪೋಸ್ಟು ಖಾಯಂ ಆಯಿತು. ಹೊಲಿಗೆ ಮಿಸ್ಸು ಹೊಲಿಗೆಯಲ್ಲೇ ಉಳಿದರು. ಸ್ಕೂಲಿನ ಪ್ರೇಯರ್ ಹಾಲಿನ ಗೋಡೆಗೂ ಮೊಳೆ ಬಿತ್ತು. ಹೆಣ್ಣುಮಕ್ಕಳೆಲ್ಲ ಎರಡನೇ ಪೀರಿಯಡ್‌ನಲ್ಲಿ ಸಾಲಾಗಿ ನಿಂತು ಮಲಗತೊಡಗಿದರು. ಬಸವಲಿಂಗಮ್ಮನವರು ಬಂದು ನೋಡಿ, ಶಿಸ್ತು ಚೆನ್ನಾಗಿದೆ, ಮಲಗಿದಾಗಲೂ ಯೂನಿಫಾರ್ಮ್ ಮುದುರುವುದಿಲ್ಲ ಅಂತ ಮೆಚ್ಚಿಕೊಂಡರು.

ಸಂಘಕ್ಕೂ ಒಳ್ಳೆಯ ಕಾಲ ಬಂತು. ಮಲಗುವವರ ಸಂಖ್ಯೆ ಹೆಚ್ಚಿ ಗೋಡೆ ಸಾಲದೆ ಹೋಯಿತು. ಹಾಲಿನ ನಡುವೆ ಅಡ್ಡಗೋಡೆ ಎಬ್ಬಿಸಲು ಗ್ರಾಂಟು ಬಂತು, ಕಂಟ್ರಾಕ್ಟು ಗುರುಶಾಂತಪ್ಪನವರ ಭಾವಮೈದುನನಿಗೆ ಹೋಯಿತು. ಒಂದು ಗೋಡೆ ಎದ್ದಿತು, ಅದನ್ನು ಉದ್ಘಾಟಿಸಿದವರ ಪಟ ಅದರ ಮೇಲೆ ಬಂತು. ಇನ್ನೊಂದು ಎದ್ದಿತು, ಮತ್ತೊಂದು ಎದ್ದಿತು. ಕೊನೆಗೆ ಹಾಲಿನಲ್ಲಿ ಎಲ್ಲಿ ನೋಡಿದರೂ ಗೋಡೆಯೇ ಆಗಿ, ಯಾರಾದರೂ ಹಟ ಹಿಡಿದು ನೆಲದ ಮೇಲೆ ಮಲಗುತ್ತೇನೆ ಅಂದರೂ ಮೊಣಕಾಲು ಮಡಿಸದೆ ಮಲಗಲು ಜಾಗವೇ ಉಳಿಯಲಿಲ್ಲ. ಕಾಲು ಯಾವ ಕಡೆ ಅನ್ನುವ ಪ್ರಶ್ನೆ ಶಾಶ್ವತವಾಗಿ ಬಗೆಹರಿಯಿತು.

ಒಂದೇ ಒಂದು ತೊಡಕು ಬಂತು. ಸರ್ಟಿಫಿಕೇಟ್ ಇಲ್ಲದವರು ಕಲಿಸುವಂತಿಲ್ಲ ಅಂತ ಇಲಾಖೆ ಆಜ್ಞೆ ಮಾಡಿತು. ಸೀತಾಲಕ್ಷ್ಮಿಯವರ ಹತ್ತಿರ ಹೊರದೇಶದ್ದಿತ್ತು, ಸಂಘದ್ದು ಇರಲಿಲ್ಲ. ಸಂಘದ ಸರ್ಟಿಫಿಕೇಟ್ ಮೊದಲು ಪಡೆದವಳು ಚೂಡಾಮಣಿ. ಆದ್ದರಿಂದ ಅವರನ್ನು ಪರೀಕ್ಷೆ ಮಾಡಲು ಅವಳನ್ನೇ ನೇಮಿಸಿದರು.

ಸೀತಾಲಕ್ಷ್ಮಿಯವರು ಬಂದು ಚಾಪೆಗೆ ಬೆನ್ನು ಕೊಟ್ಟು ನಿಂತರು. ಕೂದಲು ಸ್ವಲ್ಪ ನರೆತಿತ್ತು. ಚೂಡಾಮಣಿಗೆ ಅವರ ಮುಖ ನೋಡಲು ಮುಜುಗರವಾಗಿ, ಅವರ ತಲೆಯ ಮೇಲಿನ ಪಟ ನೋಡುತ್ತ ಕೇಳಿದಳು.

"ಮಲಗಿದೀರಾ ಮೇಡಂ?"

ಅವರು ತಲೆಯನ್ನು ಚಾಪೆಗೆ ಒರಗಿಸಿಕೊಂಡರು. "ಹ್ಞೂಂ ಚೂಡಾಮಣಿ. ಮಲಗಿದೀನಿ."

"ಪಕ್ಕೆಲುಬು?"

"ಹದಿಮೂರು ಜೊತೆ" ಅಂದರು ಮೇಡಂ. ಪಾಸಾದರು.

ಆ ದಿನ ಚೂಡಾಮಣಿ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮುನಿವೆಂಕಟಮ್ಮ ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದಳು. ಮಗಳ ಕಾಲು ನೋಡಿ ದಾರ ಕೆಳಗಿಟ್ಟಳು.

"ಇದೇನೇ, ಹಿಂಗೆ ಊದಿದೆ?"

"ಇವತ್ತು ಪರೀಕ್ಷೆ ಇತ್ತಲ್ಲಮ್ಮ. ಮೇಡಂ ಬರೋವರೆಗೂ ತುಂಬಾ ಹೊತ್ತು ಮಲಗಿದ್ದೆ."

ಮುನಿವೆಂಕಟಮ್ಮ ಮುಂದಕ್ಕೆ ಕೇಳಲಿಲ್ಲ. ಖಾಯಂ ಕೆಲಸ ಅಂದ ಮೇಲೆ ಅದರ ಕಷ್ಟ ಇದ್ದೇ ಇರುತ್ತದೆ. ಒಳಗೆ ಹೋಗಿ ಚಾಪೆ ಬಿಡಿಸಿ, ನೆಲಕ್ಕೆ ಹಾಸಿ, ದಿಂಬು ಇಟ್ಟು, ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದಳು. ಮಗಳನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿ, ದೇವರ ಗೂಡಿನ ಕಡೆ ತಿರುಗಿದ್ದ ಪಾದಗಳನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ನೀವತೊಡಗಿದಳು.

"ದಿನವೆಲ್ಲ ಮಲಗಿ ಸುಸ್ತಾಗಿದೀಯ ಮಗಳೇ" ಅಂದಳು. "ಇನ್ನು ಸ್ವಲ್ಪ ಹೊತ್ತು ಎದ್ದಿರು."